ಅಪ್ಪನ ಕಬಡ್ಡಿ ಬನಿಯನ್ನು

ಹರಪನಹಳ್ಳಿಯಲ್ಲಿ ಯಾರೋ ನಿಂತುಹೋದ ಹಳೆಯ ತಂಡಗಳ ಹೆಸರು ಹಾಕಿ ಟೀ ಶರ್ಟ್ ಮಾರುತ್ತಿದ್ದಾರೆ. ಬೆಳಿಗ್ಗೆ ಫೋನಿನಲ್ಲಿ ನಮ್ಮಪ್ಪನ ಕಬಡ್ಡಿ ತಂಡದ ಹೆಸರೂ ಕಂಡಿತು: ತೆಲಿಗಿ ಟಗರುಗಳು.

ತಂಡ ಮುರಿದ ಮೇಲೂ ಅಪ್ಪ ಆ ಹಳದಿ ಬನಿಯನ್ನನ್ನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಎಷ್ಟು ಒಗೆದರೂ ಅದಕ್ಕೆ ಕೆಮ್ಮಣ್ಣಿನ ವಾಸನೆ. ಆಮೇಲೆ ತಮ್ಮ ಹುಟ್ಟಿದ. ಅಂಗೈಯಷ್ಟೇ ಕೂಸು, ಹಾಲು ಕುಡಿಯಲೂ ತ್ರಾಣವಿರಲಿಲ್ಲ. ನಮ್ಮಲ್ಲಿ ಹಸುಗೂಸಿಗೆ ಮೊದಲು ಹೊಸ ಬಟ್ಟೆ ಹಾಕುವುದಿಲ್ಲ. ಗಟ್ಟಿ ಆಳು ತೊಟ್ಟು ಹಳತಾದದ್ದನ್ನೇ ಹೊಲಿದು ಹಾಕುತ್ತಾರೆ, ಆ ಗಟ್ಟಿತನ ಕೂಸಿಗೂ ಬರಲೆಂದು.

"ನಿನ್ನ ಬನೀನು ಕೊಡೋ," ಎಂದಳು ಅಜ್ಜಿ.

"ಬ್ಯಾರೆ ಏನಾರ ತಗಾ ಬೇ. ಅದನ್ನ ಹಾಕ್ಕೊಂಡು ಒಂದು ಮ್ಯಾಚೂ ಗೆದ್ದಿಲ್ಲ ನಾವು."

"ಬಿದ್ರೂ ಮತ್ತ ಎದ್ದು ಬರ್ತಿದ್ದೆಲ್ಲ, ಕೂಸಿಗೆ ಅದಾ ಬೇಕಾಗೈತಿ."

ಅಪ್ಪ ತಾನೇ ಕತ್ತರಿ ಹುಡುಕಿ ತಂದ.

ಆ ತಮ್ಮ ಈಗ ನಮ್ಮನೆ ಬಾಗಿಲಲ್ಲಿ ತಲೆ ತಾಗದಂತೆ ಬಗ್ಗಿ ಒಳಗೆ ಬರುತ್ತಾನೆ. ನನ್ನ ಮಗಳೂ ಸಣ್ಣಗೆ ಹುಟ್ಟಿದ್ದಾಳೆ. ಅವಳ ಉಸಿರು ನೋಡುತ್ತಾ ನನಗೆ ನಿದ್ದೆಯೇ ಇಲ್ಲ. ಟೀ ಶರ್ಟ್ ತರಿಸಲಿಲ್ಲ. ತಮ್ಮನಿಗೆ ಫೋನ್ ಮಾಡಿ ಒಂದು ಅಂಗಿ ಕೇಳಿದೆ.

"ಯಾವ ಅಂಗಿ ಬೇಕಕ್ಕಾ?"

"ಯಾವುದಾರ ಆಗಲಿ, ನೀ ಹಾಕ್ಕೊಂಡು ಹಳೇದು ಮಾಡಿರಬೇಕು, ಅಷ್ಟಾ."