ಮೂರು ಊರಿನ ರಕ್ತಪರೀಕ್ಷೆ

ಬೇಡವಾದ ಸುದ್ದಿಯನ್ನು ಇನ್ನೊಬ್ಬರ ಬಾಯಲ್ಲಿ ಕೇಳಿದರೆ ಒಳ್ಳೆಯದಾದೀತೆಂಬ ನಂಬಿಕೆ ನನಗೆ ಮೊದಲಿನಿಂದಲೂ ಇದೆ. ಪಿರಿಯಾಪಟ್ಟಣದ ತೂಕದ ಯಂತ್ರ ನನ್ನನ್ನು ಎಂಬತ್ತೆರಡು ಕೆ.ಜಿ. ಎಂದರೆ ಹುಣಸೂರಿನ ಯಂತ್ರವನ್ನು ಕೇಳುತ್ತೇನೆ. ಅದೂ ಹಾಗೇ ಅಂದರೆ ಚಪ್ಪಲಿ ಬಿಟ್ಟು ಹತ್ತುತ್ತೇನೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಪಾಠ ಹೇಳಿದವನ ವಿಚಾರವಂತಿಕೆ ಇಷ್ಟು. ಇದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ, ನಮ್ಮಕ್ಕನ ರಕ್ತಪರೀಕ್ಷೆಯ ತನಕ.

ಅಕ್ಕ ಬೆಟ್ಟದಪುರದ ಹತ್ತಿರ ಹೊಗೆಸೊಪ್ಪು ಬೆಳೆಯುತ್ತಾಳೆ. ಅರವತ್ತೆಂಟರಲ್ಲೂ ಸೊಪ್ಪು ಬೇಯಿಸುವ ಬ್ಯಾರನ್ ಗೂಡಿಗೆ ತಾನೇ ಸೌದೆ ಒಟ್ಟುವವಳು. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳೂ ಅವಳೇ. ಹೋದ ಶ್ರಾವಣದಲ್ಲಿ ಎರಡೇ ತುತ್ತು ಮುದ್ದೆಗೆ, "ಒಟ್ಟೆ ತುಂಬೋಯ್ತು ಕಣ್ಲಾ," ಎಂದು ಕೈ ತೊಳೆಯತೊಡಗಿದಳು. ರವಿಕೆ ಸಡಿಲವಾಯಿತು. ಪಿರಿಯಾಪಟ್ಟಣದ ಡಾಕ್ಟರು ರಕ್ತ ತೆಗೆಸಿದರು. ಹನ್ನೊಂದು ಸಾವಿರದೊಳಗಿರಬೇಕಾದ ಬಿಳಿ ರಕ್ತಕಣ ಎಂಬತ್ತು ಸಾವಿರ ದಾಟಿತ್ತು. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, "ಬರೀ ಸೋಂಕಿಗೆ ಇಷ್ಟು ಏರೋದು ಅಪರೂಪ. ನಿಧಾನವಾಗಿ ಬೆಳೆಯೋ ರಕ್ತದ ಕ್ಯಾನ್ಸರ್ ಇರಬಹುದು, ಇಲ್ಲದೆಯೂ ಇರಬಹುದು. ಮೈಸೂರಿಗೆ ಹೋಗಿ, ತಡ ಮಾಡ್ಬೇಡಿ," ಎಂದರು.

ಅಕ್ಕನಿಗೆ ನಾನು ಅರ್ಧ ಮಾತ್ರ ಹೇಳಿದೆ. ಬಿಳಿ ಕಣಗಳು ಮೈ ಕಾಯುವ ಕಾವಲುಗಾರರು ಎಂದೆ.

"ಕಾವ್ಲೋರು ಜಾಸ್ತಿ ಆದ್ರೆ ಒಳ್ಳೇದಲ್ವೇನ್ಲಾ?"

"ಬಲಿತವ್ರಾದ್ರೆ ಒಳ್ಳೇದು ಕಣಕ್ಕ. ಇವು ಬಲಿಯೋಕೆ ಮುಂಚೆನೇ ನುಗ್ತವಂತೆ."

"ಬಲೀದಿರೋ ಎಲೆ ಕಿತ್ತು ಬ್ಯಾರನ್ ತುಂಬ್ದಂಗೆ ಅನ್ನು. ಜಾಗ ತುಂಬ್ತದೆ, ಸೊಪ್ಪಾಗಕಿಲ್ಲ."

ಮೊಬೈಲಿನಲ್ಲಿ ಎರಡು ದಿನ ಓದಿದರೂ ನನಗೆ ಇಷ್ಟು ಸ್ಪಷ್ಟವಾಗಿ ತಿಳಿದಿರಲಿಲ್ಲ.

ನಮ್ಮ ಕಡೆ ಹರಾಜಿನಲ್ಲಿ ಹೊಗೆಸೊಪ್ಪಿನ ಮೂಟೆಗೆ ಕೂಗಿದ ಬೆಲೆ ಹಿಡಿಸದಿದ್ದರೆ ರೈತ ಒಲ್ಲೆನೆಂದು ವಾಪಸು ತಂದು, ಇನ್ನೊಂದು ದಿನ ಮತ್ತೆ ಇಡುತ್ತಾನೆ. ಅಕ್ಕನ ರಕ್ತಕ್ಕೂ ನಾನು ಅದೇ ದಾರಿ ಹಿಡಿದೆ. ಹುಣಸೂರಿನ ಲ್ಯಾಬಿನಲ್ಲಿ ಸಂಖ್ಯೆ ಇನ್ನಷ್ಟು ಏರಿತ್ತು. ಅಕ್ಕ ಬಸ್‌ಸ್ಟ್ಯಾಂಡಿನಲ್ಲೇ, "ಮೈಸೂರ್‌ಗೇ ಓಗಾನ ನಡಿ," ಎಂದಳು. ನಾನು, "ಕೆ.ಆರ್. ನಗರದಲ್ಲಿ ಒಳ್ಳೇ ಲ್ಯಾಬಿದೆ, ಇನ್ನೊಂದ್ಸಲ ನೋಡಾನ," ಎಂದೆ. ಅವಳು ನನ್ನ ಹಿಂದೆ ಬಸ್ಸು ಹತ್ತಿದಳು. ಅಲ್ಲೂ ಸಂಖ್ಯೆ ಇಳಿದಿರಲಿಲ್ಲ. ಹೆದರಿದ್ದವನು ನಾನು. ಮಧ್ಯೆ ಅಮೃತಬಳ್ಳಿ ಕಷಾಯವೂ ಆಯಿತು. ಹೀಗೆ ಮೂರು ತಿಂಗಳು ಕಳೆದುಬಿಟ್ಟೆ.

ಕೊನೆಗೆ ಮೈಸೂರಿಗೆ ಹೋದೆವು. ಅಲ್ಲಿನ ಡಾಕ್ಟರು, ಮೊಮ್ಮಗನ ವಯಸ್ಸಿನವರು, ಅಕ್ಕನ ಹೊಟ್ಟೆಯ ಎಡಭಾಗ ಒತ್ತಿ ನೋಡಿ, ಗುಲ್ಮ ಊದಿದೆ, ಅದಕ್ಕೇ ಊಟ ಸೇರುತ್ತಿಲ್ಲ ಎಂದರು. ಸೊಂಟದ ಮೂಳೆಯಿಂದ ಮಜ್ಜೆ ತೆಗೆದರು. ರೋಗ ನಿಧಾನದ ಬಗೆಯದಾಗಿದ್ದು ಇನ್ನೂ ಮುಂದುವರಿದಿರದಿದ್ದರೆ ದಿನವೂ ಮಾತ್ರೆ ಕೊಟ್ಟು ಹತೋಟಿಯಲ್ಲಿಡಬಹುದಂತೆ. ಮುಂದುವರಿದಿದ್ದರೆ ಕಷ್ಟವಂತೆ. ಆಮೇಲೆ ಹಳೆಯ ವರದಿಗಳನ್ನು ತಿರುವಿ, "ಮೊದಲ್ನೇದು ಮೂರು ತಿಂಗಳ ಹಿಂದಿಂದು. ಯಾಕಿಷ್ಟು ತಡ?" ಎಂದು ಕೇಳಿದರು.

ಅಕ್ಕ ಸೆರಗು ಸರಿಮಾಡಿಕೊಂಡಳು. "ನಾನೇ ಬರಾಕಿಲ್ಲ ಅಂತ ಅಟ ಇಡ್ದಿದ್ದೆ ಕಣಪ್ಪ, ಸೊಪ್ಪು ಬೇಯ್ಸೋ ಕಾಲ. ಪಾಪ, ನನ್ ತಮ್ಮ ದಿನಾ ಬಂದು ಗೋಗರೀತಿದ್ದ."

"ಇಂಥ ತಮ್ಮ ಎಲ್ರಿಗೂ ಸಿಗಲ್ಲ ಅಜ್ಜಿ," ಎಂದು ಡಾಕ್ಟರು ನನ್ನತ್ತ ನೋಡಿ ನಕ್ಕರು. ನಾನೂ ನಕ್ಕೆ.

ಮಜ್ಜೆಯ ವರದಿ ಇನ್ನೂ ಬಂದಿಲ್ಲ. ಆ ಡಾಕ್ಟರು ಬೈದಿದ್ದರೆ ಊರು ಸೇರುವಷ್ಟರಲ್ಲಿ ಸಮಾಧಾನ ಮಾಡಿಕೊಳ್ಳುತ್ತಿದ್ದೆ, ಅದು ನನಗೆ ಬರುತ್ತದೆ. ಈ ಹೊಗಳಿಕೆಯನ್ನು ಎಲ್ಲಿಡಬೇಕೋ ಗೊತ್ತಾಗದೆ ಹೊತ್ತುಕೊಂಡು ತಿರುಗುತ್ತಿದ್ದೇನೆ.