ಕಾಡವ್ವನ ಮೂರು ಖೋಲಿ

ಗೋಕಾಕದಲ್ಲಿ ಬಾಡಿಗೆ ಖೋಲಿ ಹುಡುಕಿದವರಿಗೇ ಗೊತ್ತು ಅದರ ಸಂಕಟ. ಬಾಡಿಗೆ ಕೇಳಿದರೆ ಎದೆ ಧಸಕ್ ಎನ್ನುತ್ತದೆ. ಅದಕ್ಕೂ ಒಪ್ಪಿದರೆ "ನೀವು ಯಾವ ಮಂದಿ?" ಎಂಬ ಪ್ರಶ್ನೆ ಕಾದಿರುತ್ತದೆ. ನಾನು ಆಮ್ರಪಾಲಿ, ದಡ್ಡಿ ಎಂಬ ಊರಿನವಳು. ದವಾಖಾನೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವುದು ನನ್ನ ಕೆಲಸ. ನಮ್ಮದು ಬುದ್ಧನಿಗೆ ಕೈ ಮುಗಿಯುವ ಮನೆತನ ಎಂದು ತಿಳಿದ ಕೂಡಲೇ ನಾಲ್ಕು ಮನೆಗಳವರಿಗೆ ಇದ್ದಕ್ಕಿದ್ದಂತೆ ಬೀಗರು ಬರುವವರಿದ್ದರು. ಸಿಟ್ಟಿನಿಂದ ಕುದಿಯುತ್ತಲೇ ಐದನೆಯ ಬಾಗಿಲು ಬಡಿದೆ. ತೆರೆದವಳು ಕಾಡವ್ವ.

ಆಕೆ ಮೊದಲು ಒಂದು ಕರಿ ಕಂಬಳಿ ಹಾಸಿದಳು.

"ಕುಂಡ್ರು. ಇದರ ಮ್ಯಾಲ ಕುಂತು ಸುಳ್ಳ ಹೇಳಬಾರ್ದು. ನಮ್ಮ ಮನ್ಯಾಗ ಹಂಗ ಐತಿ."

ಬಂತು ಜಾತಿ ಪ್ರಶ್ನೆ ಎಂದುಕೊಂಡು ಹಲ್ಲು ಕಚ್ಚಿ ಕೂತೆ.

"ಗೊರಕಿ ಹೊಡಿತೀಯೇನು?" ಎಂದಳು.

"ಸ್ವಲ್ಪ."

"ನಾನೂ ಹೊಡಿತೇನಿ. ನಡೀತೈತಿ ಬಿಡು."

ಅಷ್ಟೇ, ಖೋಲಿ ನನ್ನದಾಯಿತು.

ಕಾಡವ್ವ ತುಕ್ಕಾನಟ್ಟಿಯ ಕುರುಬರ ಮನೆಯವಳು. ಗಂಡ ಮಾಯಪ್ಪನ ಜೊತೆ ಮೂವತ್ತು ವರ್ಷ ಕುರಿಗಳ ಬೆನ್ನು ಹತ್ತಿ ತಿರುಗಿದವಳು. ಗೊಬ್ಬರಕ್ಕೆಂದು ಯಾರಾದರೂ ಕರೆದರೆ ಅವರ ಹೊಲದಲ್ಲಿ ಹಿಂಡು ನಿಲ್ಲಿಸಿ ಅಲ್ಲೇ ಮಲಗುವುದು, ಎರಡು ದಿನಕ್ಕೆ ಮತ್ತೊಂದು ಹೊಲ. ಮೊಣಕಾಲು ಸೋತ ಮೇಲೆ, "ಇನ್ನ ನಾ ಒಲ್ಲೆ. ನನಗ ಬಾಗಲಾ ಇರೋ ಮನಿ ಬೇಕು" ಎಂದು ಹಟ ಹಿಡಿದು ಗೋಕಾಕಕ್ಕೆ ಬಂದು, ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಕೆಲಸಕ್ಕೆ ಸೇರಿದಳು. ಒಂಟಿ ಹೆಂಗಸಿಗೆ ಒಂದು ಖೋಲಿ ಕೊಡುವವರು ಯಾರೂ ಇರಲಿಲ್ಲ. ಸಿಕ್ಕದ್ದು ಮೂರು ಖೋಲಿಯ ಮನೆ, ಅದರ ಬಾಡಿಗೆಗೆ ಆಕೆಯ ಪಗಾರ ಸಾಲದು. ಹಾಗಾಗಿ ಒಲೆಯಿದ್ದ ಖೋಲಿಯನ್ನು ತಾನಿಟ್ಟುಕೊಂಡು, ಒಂದನ್ನು ಕಲ್ಲೋಳಿಯಿಂದ ಬಿ.ಎಡ್. ಓದಲು ಬಂದಿದ್ದ ವಿಜಯಲಕ್ಷ್ಮಿಗೆ ಕೊಟ್ಟಿದ್ದಳು, ಇನ್ನೊಂದನ್ನು ನನಗೆ ಕೊಟ್ಟಳು.

ಬೆಳಿಗ್ಗೆ ನಮ್ಮನ್ನು ಎಬ್ಬಿಸುವಾಗ ಕುರಿಗೆ ಹಾಕುವ ಸೀಟಿಯನ್ನೇ ಹಾಕುತ್ತಿದ್ದಳು. ಎದ್ದವರಿಗೆ ಬಿಸಿ ರೊಟ್ಟಿ, ಏಳದವರಿಗೆ ಬೈಗುಳ. ವಿಜಯಲಕ್ಷ್ಮಿಗೆ ಎರಡೂ ಸಿಗುತ್ತಿದ್ದವು. ಮಾಯಪ್ಪ ಎಂದಾದರೂ ಬಂದರೆ ಸೂರಿನ ಕೆಳಗೆ ನಿದ್ದೆ ಬರುವುದಿಲ್ಲವೆಂದು ಅಂಗಳದಲ್ಲೇ ಮಲಗುತ್ತಿದ್ದ. ಅಂಥ ಸುಖದ ಮನೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಒಂದೇ ಒಂದು ಹುಳುಕಿತ್ತು. ಮನೆ ಮಾಲಕ ಸತ್ತೆಪ್ಪ ಹುಕ್ಕೇರಿಯವರು. ತಮ್ಮನ್ನು ಕೇಳದೆ ಮನೆಯವರನ್ನು ಬಿಟ್ಟು ಬೇರೆ ಯಾರನ್ನೂ ಇಟ್ಟುಕೊಳ್ಳಬಾರದು ಎಂಬ ಕರಾರಿನ ಮೇಲೆ ಮನೆ ಕೊಟ್ಟಿದ್ದರು. ನಾವಿಬ್ಬರೂ ಅಣ್ಣನ ಮಕ್ಕಳು ಎಂದು ಕಾಡವ್ವ ಅವರಿಗೆ ಫೋನಿನಲ್ಲಿ ಹೇಳಿಬಿಟ್ಟಿದ್ದಳು. "ಅವ್ರು ಬಂದ್ರ ನನ್ನ ಅತ್ತಿ ಅನ್ರಿ, ಮರೀಬ್ಯಾಡ್ರಿ" ಎಂದು ನಮಗೆ ತಾಲೀಮೂ ಕೊಟ್ಟಿದ್ದಳು.

ಒಂದು ಭಾನುವಾರ ಸತ್ತೆಪ್ಪ ಹೇಳದೆ ಕೇಳದೆ ಬಂದರು. "ಅತ್ತೀ, ಯಾರೋ ಬಂದಾರ ನೋಡು ಅತ್ತೀ" ಎಂದು ನಾನು ಓಣಿಗೆಲ್ಲ ಕೇಳುವಂತೆ ಕೂಗಿದೆ. ಕಾಡವ್ವ ಗಡಿಬಿಡಿಯಲ್ಲಿ, ದೊಡ್ಡವರು ಬಂದರೆಂದು ಕಂಬಳಿ ಹಾಸಿ, ರೂಢಿಯಂತೆ ಅದರ ತುದಿಗೆ ತಾನೂ ಕೂತುಬಿಟ್ಟಳು. ವಿಜಯಲಕ್ಷ್ಮಿ ನನ್ನ ಕೈ ಚಿವುಟಿದಳು.

"ಈ ಹುಡುಗ್ಯಾರು ಖರೇನ ನಿಮ್ಮಣ್ಣನ ಮಕ್ಕಳೇನು?" ಸತ್ತೆಪ್ಪ ಕೇಳಿದರು.

ಕಾಡವ್ವ ಮೆಲ್ಲಗೆ ಕಂಬಳಿಯಿಂದ ನೆಲಕ್ಕೆ ಸರಿಯಲು ನೋಡಿದಳು. ಹಾಳು ಮೊಣಕಾಲು ಬಿಡಲಿಲ್ಲ.

"ಅಲ್ರಿ. ಬಾಡಿಗಿ ಇರಾಕ ಬಂದವ್ರು. ನಿಮಗ ಸುಳ್ಳ ಹೇಳಿದ್ನಿ."

"ಹಂಗಾರ ಮನಿ ಬಿಡಬೇಕಾಗ್ತೈತಿ."

"ಬಿಡು ಅಂದ್ರ ಬಿಡ್ತೇನ್ರಿ. ಮೂವತ್ತ ವರ್ಷ ಮಂದಿ ಹೊಲದಾಗ ಮಲಗೇನಿ. ಹೊಂಟ ನಿಂತಾಗ, ಬರೋ ವರ್ಷ ಬರ್ರಿ ಅಂತಿದ್ರು. ಹೊರಗ ಹಾಕಿಸಿಕೊಂಡಿದ್ದು ಇದ ಮೊದಲರಿ."

ನನಗೆ ತಡೆಯಲಾಗಲಿಲ್ಲ. "ಬಾಡಿಗಿ ಒಂದ ದಿನಾ ತಪ್ಪೇತೇನ್ರಿ?" ಎಂದು ಜಗಳಕ್ಕೇ ನಿಂತೆ.

"ಬಾಡಿಗಿ ಮಾತಲ್ಲ ತಂಗಿ. ನಿನ್ನ ಮನ್ಯಾಗ ಯಾರದಾರ ಅಂತ ನಾಳೆ ಪೊಲೀಸ್ರು ಕೇಳಿದ್ರ ನಾ ಏನ್ ಹೇಳ್ಲಿ? ಖರೆ ಹೇಳಿದ್ರ ಅವತ್ತ ನಿಮ್ಮ ಹೆಸರೂ ಹಾಕಿ ಕಾಗದ ಮಾಡತಿದ್ನಿ." ಸತ್ತೆಪ್ಪ ಕಾಡವ್ವನತ್ತ ತಿರುಗಿದರು. ಆಕೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. "ಆತು, ಈಗರೆ ಮಾಡೋಣಂತ. ನಾಳೆ ಕೋರ್ಟ್ ಕಡೆ ಬರ್ರಿ" ಎಂದರು.

ಮರುದಿನ ಟೈಪ್ ಮಾಡುವವನ ಮುಂದೆ ನಾಲ್ವರೂ ಕೂತೆವು. ಸತ್ತೆಪ್ಪ ನನ್ನ ಹೆಸರು ಕೇಳಿದರು, ಊರು ಕೇಳಿದರು. ಮುಂದಿನ ಪ್ರಶ್ನೆಗೆ ಕಾದೆ. ಅದು ಬರಲೇ ಇಲ್ಲ.

"ಅಜ್ಜಿ, ನಿಮ್ಮ ವಿಳಾಸ?" ಟೈಪ್ ಮಾಡುವವನು ಕೇಳಿದ.

ಕಾಡವ್ವ ತಬ್ಬಿಬ್ಬಾಗಿ ಸತ್ತೆಪ್ಪನವರ ಮುಖ ನೋಡಿದಳು. "ಇದ ಮನೀದು ಹೇಳಲೇನ್ರಿ?"

"ಮತ್ತ ಯಾರ ಮನೀದ ಹೇಳ್ತೀಯವ್ವಾ?"

ಕಾಗದ ಕೈಗೆ ಬಂದ ಮೇಲೆ ವಿಳಾಸದ ಆ ಒಂದು ಸಾಲನ್ನು ನನ್ನಿಂದ ಮೂರು ಸಲ ಓದಿಸಿದಳು. ಮೂರನೆಯ ಸಲ ಮುಗಿಯುವುದರೊಳಗೇ ನನ್ನ ಫೋನು ಕಿತ್ತುಕೊಂಡು, ಎಲ್ಲೋ ಕುರಿ ಮೇಯಿಸುತ್ತಿದ್ದ ಗಂಡನಿಗೆ ಕೋರ್ಟಿಗೆಲ್ಲ ಕೇಳುವಂತೆ ಹೇಳುತ್ತಿದ್ದಳು, "ಏಯ್, ಯಾರರೆ ನನ್ನ ಕೇಳಿದ್ರ, ಮನ್ಯಾಗ ಅದಾಳ ಅಂತ ಹೇಳು!"