ಮೇಲಿನ ಮನೆಯ ಒನಕೆ

ನಾನು ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ಒಣಮೆಣಸಿನಕಾಯಿ ವ್ಯಾಪಾರ ಮಾಡುವವನು. ಮನೆ ಕೋಥರೂಡದಲ್ಲಿ, ಮೊದಲನೆಯ ಮಹಡಿ. ನಮ್ಮ ತಲೆಯ ಮೇಲಿನ ಮನೆಯಲ್ಲಿ ಬೆಳಗಾದರೆ ಧಪ್ ಧಪ್ ಎಂದು ಸದ್ದು ಕೇಳತೊಡಗಿತು. ನನ್ನ ತಾಯಿ ಚನ್ನಬಸವ್ವ ಕೆಲವು ದಿನ ಸುಮ್ಮನೆ ಕೇಳಿಸಿಕೊಂಡಳು. ಆಮೇಲೆ ಒಂದು ಮುಂಜಾನೆ, ನಾನು ಚಹದ ಬಟ್ಟಲನ್ನು ಬಾಯಿಗೆ ಒಯ್ಯುವ ಹೊತ್ತಿಗೆ, ತೀರ್ಪು ಕೊಟ್ಟಳು.

"ಮ್ಯಾಲಿನವರು ಖಾರ ಕುಟ್ಟಾಕತ್ತಾರ."

"ಪುಣೇದಾಗ ಒನಕಿ ಯಾರು ಹಿಡೀತಾರವ್ವಾ? ಎಲ್ಲಾರೂ ಗಿರಣಿಗೆ ಹಾಕಸ್ತಾರ."

"ಒನಕಿ ಸಪ್ಪಳಾ ನನಗ ಕಲಸಬ್ಯಾಡ. ದಿನಾ ಕುಟ್ಟತಾರ. ಕೆಳಗ ಮೆಣಸಿನಕಾಯಿ ಸಾವಕಾರ ಕುಂತಾನ ಅಂತ ಗೊತ್ತಿದ್ದೂ ಇಷ್ಟು ಮೆಣಸಿನಕಾಯಿ ಯಾರ ಕಡೆ ತಂದಾರ? ಕೇಳ್ಕೊಂಡು ಬಾ."

ಅವಳ ಸಿಟ್ಟು ಸದ್ದಿನ ಮೇಲಲ್ಲ, ತಪ್ಪಿಹೋದ ಗಿರಾಕಿಯ ಮೇಲೆ. ಇಂಥ ತಾಯಿಯ ಮಗ ವ್ಯಾಪಾರಿಯಾಗದೆ ಇನ್ನೇನಾದಾನು? ಮೆಟ್ಟಿಲು ಹತ್ತಿದೆ.

ಬಾಗಿಲು ತೆಗೆದವನು ಚನ್ನವೀರ, ವಿಮೆ ಕಚೇರಿಯ ಕ್ಲಾರ್ಕು, ನಮ್ಮ ಬೈಲಹೊಂಗಲದ ಕಡೆಯವನೇ. ಅವನ ಹಿಂದೆ ಹಾಲಿನಲ್ಲಿ ಸೋಫಾ ಗೋಡೆಗೆ ಅಂಟಿಕೊಂಡಿತ್ತು. ಟೀಪಾಯಿ ಅದರ ಮೇಲೆ ಕಾಲು ಮೇಲೆ ಮಾಡಿ ಮಲಗಿತ್ತು. ಟಿವಿಯಲ್ಲಿ ತೋಳಿಲ್ಲದ ಅಂಗಿಯ ಒಬ್ಬ ಪೈಲ್ವಾನ ಇಂಗ್ಲಿಷಿನಲ್ಲಿ ಅರಚುತ್ತಿದ್ದ. ಅವನೆದುರು ಚನ್ನವೀರನ ಹೆಂಡತಿ ಮಾಧುರಿ ನೆಲಕ್ಕೆ ಬೀಳುವುದು, ಏಳುವುದು, ಮೇಲಕ್ಕೆ ಜಿಗಿಯುವುದು, ಮತ್ತೆ ಬೀಳುವುದು ನಡೆಸಿದ್ದಳು.

"ಯಾರರ ಬೆನ್ನ ಹತ್ತ್ಯಾರೇನಪಾ?" ಎಂದು ಚನ್ನವೀರನನ್ನು ಕೇಳಿದೆ.

"ಇಲ್ರೀ ಅಣ್ಣಾರ. ಪಗಾರಾ ಕೊಟ್ಟು ಬೆನ್ನ ಹತ್ತಿಸಿಕೊಂಡಾಳ."

ನನ್ನ ತಾಯಿಯ ಪ್ರಶ್ನೆಯನ್ನು ಮುಟ್ಟಿಸಿದೆ. ಮಾಧುರಿ ನಕ್ಕು ನೆಲದ ಮೇಲೇ ಕೂತುಬಿಟ್ಟಳು. ಉಸಿರು ಸಿಕ್ಕ ಮೇಲೆ, "ಅವ್ವಾರಿಗೆ ಹೇಳ್ರಿ, ಮೆಣಸಿನಕಾಯಿ ನಿಮ್ಮ ಅಂಗಡೀದ. ಇಲ್ಲೆ ಕುಟ್ಟಾಕತ್ತಿದ್ದು ನನ್ನ ಮೈ," ಎಂದಳು.

ಅದು ಮನೆಯಲ್ಲೇ ಮಾಡುವ ಕಸರತ್ತಂತೆ. ವಾರಕ್ಕೆ ಆರು ದಿನ, ದಿನಕ್ಕೊಂದು ವೀಡಿಯೊ, ಒಂದಕ್ಕಿಂತ ಒಂದು ಜೋರು. ನಮ್ಮ ಕಟ್ಟಡದ ಸೊಸೈಟಿಯ ಹೆಂಗಸರು ಗುಂಪು ಕಟ್ಟಿ ಶುರುಮಾಡಿದ್ದರು. ಒಬ್ಬರಿಗೆ ಮೊಣಕಾಲು, ಒಬ್ಬರಿಗೆ ಮಗನ ಪರೀಕ್ಷೆ, ಇನ್ನೊಬ್ಬರಿಗೆ ನಾದಿನಿಯ ಮದುವೆ ಎಂದು ಎಲ್ಲರೂ ಜಾರಿಕೊಂಡರು. ಉಳಿದವಳು ಮಾಧುರಿ.

ಅವಳೇ ಉಳಿದದ್ದು ಯಾಕೆ ಎಂಬುದು ನನಗೆ ಸೋಜಿಗವಾಯಿತು. ಚಿಂಚವಾಡದ ಒಂದು ಕಾರ್ಖಾನೆಯ ಖರೀದಿ ವಿಭಾಗದಲ್ಲಿ ಅವಳಿಗೆ ಕೆಲಸ. ಮಾಲು ಕೊಡುವವರು ಎಷ್ಟೇ ನುಣುಚಿಕೊಂಡರೂ ಬಿಡುವವಳಲ್ಲ ಎಂದು ಅಲ್ಲಿ ಹೆಸರಿದೆ. ಮನೆಯಲ್ಲಿ ಇರುವ ಹೆಸರು ಬೇರೆ. ಅವರ ಅಡುಗೆಮನೆಯ ಮೇಲೆ ಒಂದು ಮಾಳಾ ಇದೆ, ಬೇಡದ ಸಾಮಾನು ಏರಿಸಿಡುವ ಅಟ್ಟ. ಅಲ್ಲಿ ಹಾರ್ಮೋನಿಯಂ ಇದೆ, ಕೇಕು ಮಾಡುವ ಓವನ್ ಇದೆ, ಹೊಲಿಗೆ ಯಂತ್ರವಿದೆ. ಎಲ್ಲವೂ ಮಾಧುರಿ ಹುರುಪಿನಿಂದ ಶುರುಮಾಡಿ ಬಿಟ್ಟವು. ಬಂದವರಿಗೆಲ್ಲ ಚನ್ನವೀರ ಅದನ್ನು ವಸ್ತುಸಂಗ್ರಹಾಲಯದ ಹಾಗೆ ತೋರಿಸುತ್ತಾನೆ.

"ಇನ್ನೂ ಜಾಗಾ ಅದರೀ ಅಣ್ಣಾರ," ಎಂದು ಅವತ್ತೂ ಮೇಲೆ ಕೈ ಮಾಡಿದ. "ಈ ಟಿವಿ ಪೈಲ್ವಾನಾನೂ ಹಿಡೀತಾನ."

ಮಾಧುರಿ ನಗಲಿಲ್ಲ. "ಈ ಸಲ ಬಿಡೂದಿಲ್ಲ," ಎಂದಳು, ಅಷ್ಟೇ. ಇಷ್ಟು ಮೆತ್ತಗೆ ದರ ಹೇಳುವವರ ಹತ್ತಿರ ಚೌಕಾಸಿ ನಡೆಯುವುದಿಲ್ಲ. ನಾನು ಕೆಳಗಿಳಿದು ಬಂದೆ.

ತಾಯಿಗೆ ಕುಟ್ಟುವುದಕ್ಕಿಂತ ಜಿಗಿಯುವುದೇ ಹೆಚ್ಚು ರುಚಿಸಿತು. "ಸುಮ್ಮಸುಮ್ಮನ ಜಿಗಿತಾಳಾ? ಆಫೀಸಿನ ಬಸ್ಸಿನ ಹಿಂದ ಓಡೂದು ಸಾಲಂಗಿಲ್ಲಂತೇನು?" ಆ ಪ್ರಶ್ನೆ ನನ್ನದೂ ಆಗಿತ್ತು. ದಣಿದದ್ದಕ್ಕೆ ಕೂಲಿ ಕೊಡುವುದನ್ನು ನೋಡಿದ್ದೇನೆ, ದಣಿಯಲಿಕ್ಕೆ ದುಡ್ಡು ಕಟ್ಟುವುದು ನನ್ನ ಬುದ್ಧಿಗೆ ಹೊಸದು. ಅಂದಿನಿಂದ ತಾಯಿ ಬೆಳಗಿನ ಹೊತ್ತು ಕುರ್ಚಿಯನ್ನು ಹಾಲಿನ ನಡುವೆ ಹಾಕಿಸಿಕೊಂಡು ಮೇಲೆ ಕಿವಿಗೊಟ್ಟು ಕೂರತೊಡಗಿದಳು. "ಈಗ ಬಿದ್ದಳು. ಈಗ ಎದ್ದಳು. ಇವತ್ತ ಹುರುಪಿನ್ಯಾಗ ಅದಾಳ." ಟಿವಿಯ ಧಾರಾವಾಹಿಗಳಿಗೆ ನಮ್ಮ ಮನೆಯಲ್ಲಿ ಒಬ್ಬ ಪ್ರೇಕ್ಷಕಿ ಕಡಿಮೆಯಾದಳು.

ಇದರ ಮೇಲೆ ಸೈಕಲ್ ಬಂತು. ನಮ್ಮ ಓಣಿಯ ಮೂಲೆಯಲ್ಲಿ ಭುಜಂಗ ಶೆಟ್ಟರ ಹೋಟೆಲಿದೆ. ಶೆಟ್ಟರು ಕರಾವಳಿಯವರು. ಹೊಟ್ಟೆ ನೋಡಿದರೆ ಗಲ್ಲಾಪೆಟ್ಟಿಗೆಯ ಹಿಂದೆಯೇ ಹುಟ್ಟಿದವರ ಹಾಗಿದ್ದಾರೆ, ಸೈಕಲ್ ಏರಿದರೆ ಕಾಲೇಜು ಹುಡುಗರು ಹಿಂದೆ ಬೀಳುತ್ತಾರೆ. ರವಿವಾರ ನಸುಕಿನಲ್ಲಿ ಅವರ ಗುಂಪು ದೂರದ ಸವಾರಿ ಹೊರಡುತ್ತದೆ. ವಾರದ ನಡುವೆ ಎರಡು ಸಂಜೆ ಸಣ್ಣ ಸವಾರಿ, ಸೋಮವಾರ ಪೂರ್ತಿ ವಿಶ್ರಾಂತಿ. ಆ ವರ್ಷ ಚಳಿಗಾಲದಲ್ಲಿ ಇಂದಾಪುರದ ತನಕ ಹೋಗುವುದೆಂದು ಗೊತ್ತಾಯಿತು. ಸೋಲಾಪುರ ಹೆದ್ದಾರಿಯಲ್ಲಿ ನೂರಾ ಮೂವತ್ತಕ್ಕೂ ಮಿಗಿಲು ಕಿಲೋಮೀಟರು. ಮಾಧುರಿಯ ತಂಗಿ ರಂಜನಾಳನ್ನು ಕೊಟ್ಟಿರುವುದು ಇಂದಾಪುರಕ್ಕೆ. ಸವಾರಿಯ ಸುದ್ದಿ ಹೇಳಿದ್ದಕ್ಕೆ ಅವಳು ಫೋನಿನಲ್ಲಿ, "ಅಕ್ಕಾ, ಎಸ್.ಟಿ. ಬಸ್ಸಿನ ಟಪ್ಪದ ಮ್ಯಾಲ ಸೈಕಲ್ ಹಾಕ್ಕೊಂಡು ಬಾ, ಯಾರಿಗೂ ಹೇಳೂದಿಲ್ಲ," ಎಂದಳಂತೆ. ಮಾಧುರಿ ಮರುದಿನವೇ ಶೆಟ್ಟರ ಗುಂಪಿಗೆ ಹೆಸರು ಕೊಟ್ಟಳು.

ಶೆಟ್ಟರದು ಒಂದೇ ಕರಾರು. ಮೊದಲು ಅದೇ ಹೆದ್ದಾರಿಯಲ್ಲಿ ಯವತದವರೆಗೆ ಹೋಗಿ ಬಂದು ತೋರಿಸಬೇಕು, ತೋರಿಸಿದವರಿಗೆ ಮಾತ್ರ ಇಂದಾಪುರ.

"ಮತ್ತೆ ಅಕ್ಕಾ, ಆ ಜಿಗಿಯುವುದೆಲ್ಲ ಎಂತಕ್ಕೆ ಈಗ?" ಎಂದೂ ಕೇಳಿದರು. "ಅದು ಬಿಟ್ಟುಬಿಡಿ ಮಾರಾಯ್ರೆ. ಒಂದೋ ಅದು, ಅಲ್ಲದಿದ್ರೆ ಇದು. ಎರಡೂ ಒಟ್ಟಿಗೆ ಕಾಲಿಗೆ ತಡೆಯುವುದಿಲ್ಲ."

'ಬಿಟ್ಟುಬಿಡಿ' ಎಂಬುದನ್ನು ಬಿಟ್ಟು ಬೇರೆ ಯಾವ ಮಾತು ಹೇಳಿದ್ದರೂ ಅವಳು ಕೇಳುತ್ತಿದ್ದಳೋ ಏನೋ.

ಬರಬರುತ್ತ ಮೇಲಿನ ಸದ್ದು ಬದಲಾಯಿತು. "ಇದು ಒನಕಿ ಅಲ್ಲಪಾ," ಎಂದಳು ತಾಯಿ, "ಚೀಲ ಒಗಿಯಾಕತ್ತಾರ." ಲಿಫ್ಟಿನಲ್ಲಿ ಸಿಕ್ಕಾಗ ಮಾಧುರಿ ಗೋಡೆಗೆ ಒರಗಿ ನಿಂತೇ ನಿದ್ದೆ ಮಾಡುತ್ತಿದ್ದಳು. ಲಿಫ್ಟು ಅವಳನ್ನು ಮೇಲೆ ಒಯ್ದು ಮತ್ತೆ ಕೆಳಗೆ ತಂದಿತ್ತು. ಮೈಯಲ್ಲಿ ಹುಷಾರಿದೆಯೇ ಎಂದರೆ, "ಭಾಳ ಆರಾಮ್ರೀ ಅಣ್ಣಾರ," ಎಂದು ಕಣ್ಣು ಬಿಡದೆ ಹೇಳಿದಳು.

ಯವತದ ಪರೀಕ್ಷೆಯ ರವಿವಾರ ನನಗೆ ಶೆಟ್ಟರ ಫೋನು ಬಂತು. "ಸಾವ್ಕಾರ್ರೇ, ನಿಮ್ಮ ಟೆಂಪೊ ಉಂಟಾ? ಅಕ್ಕನ ಕಾಲು ನಿಂತುಹೋಗಿದೆ, ಲೋಣಿ ಹತ್ತಿರ."

ಹೋದೆ. ರಸ್ತೆ ಬದಿಯ ಕಬ್ಬಿನ ರಸದ ಅಂಗಡಿಯ ಬೆಂಚಿನ ಮೇಲೆ ಮಾಧುರಿ ಕೂತಿದ್ದಳು. ಬಿದ್ದಿರಲಿಲ್ಲ, ಪೆಟ್ಟಾಗಿರಲಿಲ್ಲ. ಕಾಲುಗಳು ತುಳಿಯುವುದನ್ನು ನಿಲ್ಲಿಸಿದ್ದವು, ಅಷ್ಟೇ. ಸೈಕಲನ್ನು ಮೆಣಸಿನಕಾಯಿ ಚೀಲಗಳ ನಡುವೆ ಮಲಗಿಸಿ ಅವಳನ್ನು ಮುಂದೆ ಕೂರಿಸಿಕೊಂಡೆ. ಹಡಪಸರದ ಹತ್ತಿರ ಬಂದೆವು. ನನಗೋ ಕೇಳದೆ ಇರಲಾಗಲಿಲ್ಲ.

"ತಂಗಿ, ನಿನಗ ಸೂಟಿ ಯಾವತ್ತು?"

"ಅದಕ್ಕ ರವಿವಾರ ಸೂಟಿರಿ, ಇದಕ್ಕ ಸೋಮವಾರ. ಎರಡಕ್ಕೂ ವಾರಕ್ಕೊಂದು ಸೂಟಿ ಕೊಟ್ಟೀನಿ."

"ರವಿವಾರ ಏನ ಮಾಡ್ತಿ?"

"ಸೈಕಲ್."

"ಸೋಮವಾರ?"

"ವೀಡಿಯೊ," ಎಂದವಳು ನನ್ನ ಮುಖ ನೋಡಿದಳು.

ಯಾರ್ಡಿನಲ್ಲಿ ಒಬ್ಬ ಮಹಾನುಭಾವನಿದ್ದ. ಗೋದಾಮಿನ ಒಂದೇ ರಾಶಿ ಚೀಲವನ್ನು ಇಬ್ಬರಿಗೆ ಮಾರಿ, ಒಬ್ಬೊಬ್ಬರಿಗೂ ನಿಮ್ಮದೇ ಎಂದು ತೋರಿಸಿದ್ದ. ಬೇರೆ ಬೇರೆ ದಿನ ಬಂದು ನೋಡಿದ ಇಬ್ಬರಿಗೂ ಮಾಲು ಕಣ್ಣಿಗೆ ಕಂಡಿತ್ತು. ಅವನ ಕಥೆಯನ್ನು ಮಾಧುರಿಗೆ ಹೇಳಿ, "ಸೂಟಿ ಇಬ್ಬರಿಗೂ ತೋರಿಸೀದಿ ತಂಗಿ. ಕಾಲಿಗೆ ಯಾವಾಗ ತೋರಿಸ್ತಿ?" ಎಂದೆ.

ಅವಳು ಬಗ್ಗಿ ಮೀನಖಂಡ ಒತ್ತಿಕೊಂಡಳು. "ಒಂದು ದಿನ ಬಿಟ್ರ ಬಿಟ್ಟಂಗರೀ ಅಣ್ಣಾರ. ಹಾರ್ಮೋನಿಯಂ ಹಂಗ ಹೋತು. ಇವತ್ತೊಂದು ದಿನ ಬ್ಯಾಡ ಅಂದೆ, ಅಷ್ಟ. ಮತ್ತ ಅದನ್ನ ಮಾಳಾದಿಂದ ಇಳಿಸಿಲ್ಲ."

ವ್ಯಾಪಾರಿಯ ಜಾಣತನ ಅಲ್ಲಿಗೆ ಮುಗಿಯಿತು. ತಪ್ಪು ಎಲ್ಲಿದೆ ಎಂದು ತೋರಿಸಬಲ್ಲೆ, ಅದನ್ನು ಕೊಳ್ಳುವಂತೆ ಮಾಡುವುದು ಹೇಗೆ?

ಮರುದಿನ ಬೆಳಿಗ್ಗೆ ಮೇಲೆ ಮತ್ತೆ ಚೀಲ ಒಗೆಯುವ ಸದ್ದು. ತಾಯಿ ಆಗಷ್ಟೇ ಲಿಂಗಪೂಜೆ ಮುಗಿಸಿದ್ದಳು, ಹಣೆಯ ವಿಭೂತಿ ಇನ್ನೂ ಹಸಿ. ನಿನ್ನೆ ನಡೆದದ್ದನ್ನೆಲ್ಲ ನನ್ನಿಂದ ಕೇಳಿ ತಿಳಿದಿದ್ದಳು. "ಆಕೀನ ಕರಕೊಂಡು ಬಾ," ಎಂದಳು. ಮಾಧುರಿ ಗೋಡೆ ಹಿಡಿದು, ಒಂದೊಂದೇ ಮೆಟ್ಟಿಲಿಗೆ ಎರಡೂ ಕಾಲು ಊರಿ ಇಳಿದು ಬಂದಳು. ಅವಳ ಹಿಂದೆ ಚಹದ ಕಪ್ಪು ಹಿಡಿದ ಚನ್ನವೀರ.

"ಇವತ್ತ ಯಾವ ವಾರ?" ಎಂದಳು ತಾಯಿ.

"ಸೋಮವಾರ್ರೀ ಅವ್ವಾರ."

"ನಿಮ್ಮಪ್ಪ ಸೋಮವಾರ ಎತ್ತು ಹೂಡತಿದ್ದನೇನು?"

"ಎಲ್ಲಿದ್ರೀ, ಬಸವಣ್ಣನ ವಾರ. ಮೈ ತೊಳದು ಗ್ವಾದಲಿಯಾಗ ಕಟ್ಟತಿದ್ದ."

"ಹಂಗಾರ ನಿಮ್ಮಪ್ಪ ಒಕ್ಕಲತನಾ ಬಿಟ್ಟ ಅಂತ ಊರಾಗ ಯಾರರ ಅಂದರೇನು?"

ಮಾಧುರಿ ಇಲ್ಲವೆಂದು ತಲೆಯಾಡಿಸಿದಳು.

"ಸೋಮವಾರ ಹೂಡಲಿಲ್ಲ, ಮಂಗಳವಾರ ಹೂಡಿದ. ಅದಕ್ಕ ಬಿಟ್ಟ ಅನ್ನೂದಿಲ್ಲ. ಎತ್ತಿಗೆ ಇರೂ ವಾರ ನಿನ್ನ ಕಾಲಿಗೆ ಯಾಕಿಲ್ಲ?"

"ವೀಡಿಯೊದಾಂವ ಒಂದು ದಿನಾನೂ ತಪ್ಪಸಬಾರದು ಅಂತಾನ್ರಿ."

"ಆಂವಗ ಬಸವಣ್ಣ ಗೊತ್ತಿಲ್ಲ. ಗೊತ್ತಿಲ್ಲದಾಂವ ಅಂದ್ರ ಅನ್ನಲಿ. ನಿನಗ ಗೊತ್ತಿಲ್ಲೇನು?"

ಚನ್ನವೀರ ಬಾಯಿ ತೆರೆದ. ಮಾಳಾದ ಮಾತೇ ಬರುತ್ತಿತ್ತೆಂದು ಕಾಣುತ್ತದೆ. ತಾಯಿ ಅವನ ಕಡೆ ಒಮ್ಮೆ ನೋಡಿದಳು, ಅವನು ಚಹ ಕುಡಿದ.

ಅವರು ಮೇಲೆ ಹೋದ ಮೇಲೆ ನನಗೊಂದು ಅನುಮಾನ ಬಂತು. ಸೋಮವಾರ ತಾಯಿಯ ಪೂಜೆ ಉದ್ದ. ಮೇಲೆ ಧಪ್ ಎಂದಾಗಲೆಲ್ಲ ಪೂಜೆಯ ಕಪಾಟು ನಡುಗಿ ಬಿಲ್ವಪತ್ರಿ ಉದುರುತ್ತಿತ್ತು.

"ಅವ್ವಾ, ಖರೇ ಹೇಳು. ಇದು ಆಕಿ ಕಾಲಿನ ಸಲುವಾಗೋ, ನಿನ್ನ ಪೂಜಾ ಸಲುವಾಗೋ?"

"ಎರಡಕ್ಕೂ ಒಂದ ದಿನದಾಗ ಆತಲ್ಲ," ಎಂದಳು ನನ್ನ ತಾಯಿ.

ಶೆಟ್ಟರು ವಾರಗಟ್ಟಲೆ ಹೇಳಿದ್ದೂ ಇದೇ ಸೋಮವಾರ. ಅವರ ಮಾತಿಗೆ ಬಗ್ಗದವಳು ಎತ್ತಿನ ಮಾತಿಗೆ ಬಗ್ಗಿದ್ದು ಹೇಗೆ ಎಂದು ನಾನು ಇವತ್ತಿಗೂ ಯೋಚಿಸುತ್ತೇನೆ. ಮುಂದಿನ ಸೋಮವಾರ ಮೇಲೆ ಸದ್ದಿರಲಿಲ್ಲ. ತಪ್ಪಿದ ವೀಡಿಯೊ ಮಂಗಳವಾರ ನಡೆಯಿತು. ಹಾಗಾಗಿ ವೀಡಿಯೊಗಳ ಸಾಲು ಮುಗಿಯುವ ದಿನ ದೀಪಾವಳಿ ದಾಟಿ, ಹೊಸ ವರ್ಷ ದಾಟಿ ಮುಂದೆ ಮುಂದೆ ಸರಿಯಿತು. "ಇದು ಮುಗಿಯೂದ ಇಲ್ಲರೀ," ಎಂದು ಚನ್ನವೀರ ಓಣಿಯ ತುಂಬ ಹೇಳಿಕೊಂಡು ತಿರುಗಿದ. ಸದ್ದು ಮಾತ್ರ ಮೆಲ್ಲಗೆ ಒನಕೆಗೆ ಮರಳಿತು. ಇನ್ನೊಂದು ರವಿವಾರ ಅವಳು ಯವತಕ್ಕೆ ಹೋಗಿ, ತನ್ನ ಕಾಲಿನಲ್ಲೇ ತಿರುಗಿ ಬಂದಳು.

ಇಂದಾಪುರದ ದಿನ ಗುಂಪಿನ ಸಾಮಾನು ಹೊರಲು ಶೆಟ್ಟರು ನನ್ನ ಟೆಂಪೊ ಕೇಳಿದರು. ಖಾಲಿ ಟೆಂಪೊ ಓಡಿಸುವುದು ನನಗೆ ಒಗ್ಗುವುದಿಲ್ಲ. ಇಂದಾಪುರದ ಅಂಗಡಿಯವನೊಬ್ಬನಿಗೆ ಒಂದಿಷ್ಟು ಚೀಲ ಏರಿಸಿಕೊಂಡೇ ಹೊರಟೆ. ಡ್ರೈವರನ ಪಕ್ಕ ನಾನು, ನನ್ನ ಪಕ್ಕ ಚನ್ನವೀರ ಕೂತ. "ಸೈಕಲ್ ಹೇರಾಕ ಒಬ್ಬರು ಬೇಕಲ್ರೀ," ಎಂದ.

ಭಿಗವಣದವರೆಗೆ ಎಲ್ಲ ಚೆನ್ನಾಗಿತ್ತು. ಆಮೇಲೆ ಎದುರು ಗಾಳಿ ಎದ್ದಿತು. ಕಬ್ಬಿನ ಟ್ರ್ಯಾಕ್ಟರುಗಳು ಸಾಲಾಗಿ ಬಂದವು, ಗುಂಪು ಚದುರಿತು. ಎಲ್ಲರಿಗಿಂತ ಹಿಂದೆ ಮಾಧುರಿ, ಅವಳ ಹಿಂದೆ ನಮ್ಮ ಟೆಂಪೊ. ತಲೆ ಬಗ್ಗಿಸಿ, ನಡೆಯುವವನಿಗಿಂತ ತುಸುವೇ ಜೋರಾಗಿ ಹೋಗುತ್ತಿದ್ದಳು. ಎರಡು ಸಲ ನಿಂತು ನೀರು ಕುಡಿದಳು. ಎರಡನೆಯ ಸಲ ತಿರುಗಿ ಟೆಂಪೊ ಕಡೆ ನೋಡಿದಳು. ಆ ನೋಟ ನನಗೆ ಗೊತ್ತು. ಪಟ್ಟು ಸಡಿಲಿಸಲು ಮನಸ್ಸು ಮಾಡಿದ ಗಿರಾಕಿ ಹಾಗೆಯೇ ನೋಡುವುದು.

"ಏನಪಾ ಚನ್ನವೀರ, ಕೇಳೂಣೇನು?" ಎಂದೆ. "ಹೇರಾಕ ಅಂತನ ಬಂದೀದಿ."

ಅವನು ಮುಂದಿನ ಗಾಜಿನೊಳಗಿಂದ ಅವಳನ್ನೇ ನೋಡುತ್ತ ಕೂತಿದ್ದ. "ಬ್ಯಾಡ್ರೀ ಅಣ್ಣಾರ," ಎಂದ. "ಗಾಡಿ ಮುಂದ ತಗಸ್ರಿ. ಕಣ್ಣಿಗೆ ಕಾಣದಷ್ಟು ಮುಂದ. ಕಂಡ್ರ ಆಕಿಗೆ ಆಸೆ ಆಗ್ತದ."

ಡ್ರೈವರ್ ಗಾಡಿ ಮುಂದೆ ತೆಗೆದ. ದಾಟಿಹೋಗುವಾಗ ಮಾಧುರಿ ನಮ್ಮನ್ನು ನೋಡಿ ಏನೋ ಕೂಗಿದಳು. ಚನ್ನವೀರ ಕಿಟಕಿಯ ಗಾಜು ಏರಿಸಿದ.

ಇಂದಾಪುರದ ಅಂಗಡಿಯಲ್ಲಿ ನಾನು ಚೀಲ ಇಳಿಸಿದೆ, ದರ ಮಾತಾಡಿದೆ, ಊಟವೂ ಆಯಿತು. ಚನ್ನವೀರ ಉಣ್ಣಲಿಲ್ಲ. ಹೆದ್ದಾರಿ ಊರಿಗೆ ಹೊರಳುವ ಜಾಗದಲ್ಲಿ, ರಂಜನಾಳ ಜೊತೆ, ಬಿಸಿಲಿಗೆ ಕೈ ಅಡ್ಡ ಹಿಡಿದು ನಿಂತಿದ್ದ. ಬಂದ ಒಂದೊಂದು ಟ್ರ್ಯಾಕ್ಟರಿಗೂ ಬಗ್ಗಿ ಅದರ ಹಿಂದೆ ಇಣುಕುತ್ತಿದ್ದ. ಕೊನೆಗೆ ಒಂದರ ಹಿಂದಿನಿಂದ ಮಾಧುರಿ ಬಂದಳು. ಸೈಕಲ್ ನಿಲ್ಲಿಸಿದಳು, ಇಳಿಯಲು ಮಾತ್ರ ಆಗಲಿಲ್ಲ. ಚನ್ನವೀರ ಸೈಕಲ್ ಹಿಡಿದ, ರಂಜನಾ ಅಕ್ಕನನ್ನು ಹಿಡಿದಳು.

"ಟೆಂಪೊ ಯಾಕ ಓಡಿಸಿಕೊಂಡು ಬಂದ್ರಿ?" ಅದು ಅವಳ ಮೊದಲ ಮಾತು. "ಕೈ ಮಾಡಿ ಕರದೆ. ಹತ್ತಬೇಕಂತ ಮಾಡಿದ್ದೆ."

"ಅದಕ್ಕ," ಎಂದ ಚನ್ನವೀರ.

ಅವಳು ಅವನ ಮುಖವನ್ನೇ ನೋಡಿದಳು. ಬೈಯುತ್ತಾಳೆಂದು ನಾನು ಕಾದೆ, ಬೈಯಲಿಲ್ಲ. ಸೈಕಲನ್ನು ಅವನ ಕೈಗೇ ಬಿಟ್ಟು, ತಂಗಿಯ ಹೆಗಲ ಮೇಲೆ ಕೈ ಹಾಕಿ ಮನೆಯ ಕಡೆ ಕುಂಟುತ್ತ ನಡೆದಳು.

ರಾತ್ರಿ ಟೆಂಪೊದಲ್ಲೇ ಎಲ್ಲರೂ ಪುಣೆಗೆ ಮರಳಿದೆವು. ಮರುದಿನ ಸೋಮವಾರ. ಮೇಲೆ ಸದ್ದಿಲ್ಲ. ಬಿಲ್ವಪತ್ರಿ ಇಟ್ಟಲ್ಲೇ ಇತ್ತು.

ಮಂಗಳವಾರ ಬೆಳಿಗ್ಗೆ ತಾಯಿ ಕುರ್ಚಿ ಹಾಕಿಸಿಕೊಂಡು ಕೂತಳು. ಇಂದಾಪುರ ಮುಗಿಯಿತು, ಇನ್ನು ಜಿಗಿಯುವುದು ಯಾಕೆ ಎಂದು ನಾನು ವಾದಿಸುತ್ತಿದ್ದೆ. ಅಷ್ಟರಲ್ಲಿ ಮೇಲೆ ಧಪ್ ಎಂದಿತು. ಅದರ ಹಿಂದೆಯೇ ತಾಳ ತಪ್ಪಿ ಇನ್ನೊಂದು ಧಪ್, ಮೊದಲಿನದಕ್ಕಿಂತ ಭಾರ. ಕಪಾಟು ನಡುಗಿತು.

ತಾಯಿ ಕೈ ಎತ್ತಿ ನನ್ನ ಬಾಯಿ ಮುಚ್ಚಿಸಿದಳು. ಸ್ವಲ್ಪ ಹೊತ್ತು ಕಿವಿಗೊಟ್ಟಳು.

"ಇವತ್ತ ಇಬ್ಬರು ಕುಟ್ಟಾಕತ್ತಾರ," ಎಂದಳು. "ಎರಡನೇದಾಂವಗ ರೂಢಿ ಇಲ್ಲ."

ನನ್ನ ಚಹ ಮುಗಿಯುವಷ್ಟರಲ್ಲಿ ಎರಡನೆಯ ಒನಕೆ ನಿಂತಿತು. ಮೊದಲನೆಯದು ನಿಲ್ಲಲಿಲ್ಲ.